ಇನ್ನೊಬ್ಬರ ಪಟ್ಟಿಯಲ್ಲಿ ರೋಮ್‌ಗೆ ಹೋದ ಪಕ್ಷ

(ಉಪನ್ಯಾಸವೊಂದರ ಬರಹ ರೂಪ. ಸಭೆಯಲ್ಲಿ ಕೇಳಿಬಂದ ಒಂದೆರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಮಾತಿನ ನಡುವೆಯೇ ಸೇರಿಸಿದ್ದೇನೆ.)

ಸ್ನೇಹಿತರೇ,

ಇಟಲಿಯ ರಾಜಕೀಯ ಎಂದರೆ ನಮ್ಮ ಪತ್ರಿಕೆಗಳಲ್ಲಿ ಬರುವ ಹೆಸರುಗಳು ಬೆರಳೆಣಿಕೆಯಷ್ಟು. ಮುಸೊಲಿನಿ, ಬೆರ್ಲುಸ್ಕೋನಿ, ಈಗ ಮೆಲೋನಿ. ನಾನು ಇಂದು ಹೇಳಹೊರಟಿರುವ ಪಕ್ಷ ಇಡೀ ದೇಶದ ಮತಗಳಲ್ಲಿ ಶೇಕಡ ಒಂದನ್ನೂ ದಾಟಿದ್ದಲ್ಲ. ಆದರೂ 1921ರಿಂದ ಇಂದಿನವರೆಗೆ ಅದೇ ಹೆಸರು, ಅದೇ ಲಾಂಛನ ಹೊತ್ತು ಅದು ಉಳಿದಿದೆ. ಇಟಲಿಯನ್ನು ದಶಕಗಳ ಕಾಲ ಆಳಿದ ಕ್ರೈಸ್ತ ಪ್ರಜಾಪ್ರಭುತ್ವ ಪಕ್ಷ ಮುರಿದುಬಿತ್ತು, ಪಶ್ಚಿಮ ಯೂರೋಪಿನಲ್ಲೇ ದೊಡ್ಡದೆನಿಸಿದ್ದ ಕಮ್ಯುನಿಸ್ಟ್ ಪಕ್ಷ ಹೆಸರು ಬದಲಿಸಿಕೊಂಡು ಕರಗಿತು. ಸಾರ್ಡಿನಿಯಾ ದ್ವೀಪದ ಈ ಪುಟ್ಟ ಪಕ್ಷ ಕರಗಲಿಲ್ಲ. ಅದರ ಹೆಸರು ಪಾರ್ತೀತೊ ಸಾರ್ದೊ ದಾತ್ಸಿಯೋನೆ, ಅಂದರೆ ಸಾರ್ಡಿನಿಯಾ ಕ್ರಿಯಾ ಪಕ್ಷ. ಅದರ ಕಾರ್ಯಕರ್ತರನ್ನು ಅಲ್ಲಿ ಸಾರ್ದಿಸ್ತರು ಎನ್ನುತ್ತಾರೆ.

ಸಾರ್ಡಿನಿಯಾ ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿಯ ನಂತರದ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 24 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಎಂಟನೇ ಒಂದು ಭಾಗ. ಜನಸಂಖ್ಯೆ ಹದಿನಾರು ಲಕ್ಷದೊಳಗೆ. ಕುರಿ ಸಾಕಣೆ, ಗೋಧಿ, ಗಣಿಗಳು, ಮಲೇರಿಯಾ. ಇಪ್ಪತ್ತನೆಯ ಶತಮಾನದ ಆರಂಭದ ಸಾರ್ಡಿನಿಯಾ ಎಂದರೆ ಇಷ್ಟೇ. ಇಟಲಿ 1887ರಲ್ಲಿ ಉತ್ತರದ ಕೈಗಾರಿಕೆಗಳನ್ನು ಕಾಪಾಡಲು ಆಮದು ಸುಂಕ ಏರಿಸಿತು, ಫ್ರಾನ್ಸ್ ಅದಕ್ಕೆ ತಿರುಗೇಟು ಕೊಟ್ಟಿತು. ಪೆಟ್ಟು ಬಿದ್ದದ್ದು ಫ್ರಾನ್ಸಿಗೆ ದನಕರು ಮತ್ತು ದ್ರಾಕ್ಷಾರಸ ಮಾರಿ ಬದುಕುತ್ತಿದ್ದ ಸಾರ್ಡಿನಿಯಾಕ್ಕೆ. ಆಮೇಲೆ ಮುಖ್ಯಭೂಮಿಯ ಗಿಣ್ಣಿನ ಉದ್ಯಮಿಗಳು ದ್ವೀಪಕ್ಕೆ ಬಂದು ಕುರಿ ಹಾಲನ್ನು ಕೊಳ್ಳತೊಡಗಿದರು. ಹಾಲಿನ ಬೆಲೆಯನ್ನು ಅವರೇ ನಿಗದಿ ಮಾಡುತ್ತಿದ್ದರು, ಕುರಿಗಾಹಿ ಕೊಟ್ಟಷ್ಟು ತೆಗೆದುಕೊಳ್ಳಬೇಕಿತ್ತು. ಈ ಪಕ್ಷದ ಬೇರನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಈ ಹಾಲಿನ ಲೆಕ್ಕವನ್ನು. ಭಾಷೆ, ಸಂಸ್ಕೃತಿಯ ಅಭಿಮಾನ ಬಂದದ್ದು ಆಮೇಲೆ.

ಆದರೆ ಅಸಮಾಧಾನವೊಂದೇ ಪಕ್ಷ ಕಟ್ಟುವುದಿಲ್ಲ. ಹಳ್ಳಿ ಹಳ್ಳಿಗೂ ಹಗೆತನವಿದ್ದ, ಉತ್ತರದವರ ಮಾತು ದಕ್ಷಿಣದವರಿಗೆ ಸರಿಯಾಗಿ ತಿಳಿಯದಿದ್ದ ಆ ದ್ವೀಪದ ಜನರನ್ನು ಒಂದುಗೂಡಿಸಿದ್ದು ಮೊದಲ ಮಹಾಯುದ್ಧ. ಇಟಲಿಯ ಸೇನೆಯಲ್ಲಿ ಒಂದೊಂದು ರೆಜಿಮೆಂಟಿಗೂ ಬೇರೆ ಬೇರೆ ಪ್ರಾಂತ್ಯಗಳವರನ್ನು ಬೆರೆಸಿ ಸೇರಿಸುವುದು ಪದ್ಧತಿ. ಅದಕ್ಕೆ ಅಪವಾದವಾಗಿ 1915ರಲ್ಲಿ ಸಾಸ್ಸರಿ ಬ್ರಿಗೇಡ್ ಹುಟ್ಟಿತು. ದಕ್ಷಿಣದ ಸಿನ್ನಾಯಿಯಲ್ಲಿ ಒಂದು ರೆಜಿಮೆಂಟ್, ಉತ್ತರದ ತೆಂಪಿಯೊದಲ್ಲಿ ಇನ್ನೊಂದು. ಸೈನಿಕರೆಲ್ಲ ಬಹುಪಾಲು ಸಾರ್ಡಿನಿಯಾದ ಕುರಿಗಾಹಿಗಳು, ರೈತರು, ಗಣಿ ಕೆಲಸದವರು. ಕಿರಿಯ ಅಧಿಕಾರಿಗಳು ಅದೇ ದ್ವೀಪದ ವಿದ್ಯಾರ್ಥಿಗಳು, ಯುವ ವಕೀಲರು. ಕಂದಕದ ಕತ್ತಲಲ್ಲಿ ಎದುರಾದವನು ನಮ್ಮವನೇ ಹೌದೇ ಎಂದು ತಿಳಿಯಲು ಅವರು ಕೂಗುತ್ತಿದ್ದದ್ದು, ‘ನೀನು ಇಟಲಿಯವನಾದರೆ ಸಾರ್ದೊ ಮಾತನಾಡು’ ಎಂದಂತೆ. ಸಾರ್ದೊ ಎಂದರೆ ದ್ವೀಪದವರ ಭಾಷೆ. ಯುದ್ಧದಲ್ಲಿ ಸಾರ್ಡಿನಿಯಾ ಕಳೆದುಕೊಂಡದ್ದು ಸುಮಾರು 13,600 ಜನರನ್ನು. ಸೇನೆಗೆ ಸೇರಿದ ಪ್ರತಿ ಸಾವಿರದಲ್ಲಿ 138 ಮಂದಿ ಸತ್ತರು. ಇಡೀ ಇಟಲಿಯ ಸರಾಸರಿ 105. ಬ್ರಿಗೇಡಿನ ಶೌರ್ಯವನ್ನು ಹೊಗಳುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನೂ ಹೇಳಬೇಕು.

ಬದುಕಿ ಬಂದವರಿಗೆ ಭೂಮಿ ಕೊಡುವುದಾಗಿ ಮಾತು ಕೊಡಲಾಗಿತ್ತು. ಭೂಮಿ ಸಿಗಲಿಲ್ಲ. ಕಂದಕದಲ್ಲಿ ನಾಲ್ಕು ವರ್ಷ ಒಟ್ಟಿಗಿದ್ದ ಅಧಿಕಾರಿಗೂ ಸೈನಿಕನಿಗೂ ಈಗ ಒಂದೇ ಸಿಟ್ಟು. ಹೀಗೆ ಮಾಜಿ ಸೈನಿಕರ ಚಳವಳಿಯಿಂದ 1921ರ ಏಪ್ರಿಲ್ 16 ಮತ್ತು 17ರಂದು ಒರಿಸ್ತಾನೊ ಪಟ್ಟಣದಲ್ಲಿ ಪಕ್ಷ ಹುಟ್ಟಿತು. ಅದರ ಚಿಂತಕ ಕಮಿಲ್ಲೊ ಬೆಲ್ಲಿಯೇನಿ. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಅಧಿಕಾರಿ, ಆಮೇಲೆ ಗ್ರಂಥಪಾಲಕ ಮತ್ತು ಇತಿಹಾಸಕಾರ. ರಾಷ್ಟ್ರವಾಗಲು ಬೇಕಾದದ್ದು ಎಷ್ಟೋ ಇದ್ದೂ ರಾಷ್ಟ್ರವಾಗಿ ಬೆಳೆಯದೇ ಉಳಿದ ನಾಡು ಎಂಬುದು ಸಾರ್ಡಿನಿಯಾದ ಬಗ್ಗೆ ಅವನ ತೀರ್ಪು. ಆದ್ದರಿಂದ ಅವನು ಕೇಳಿದ್ದು ಸ್ವಾಯತ್ತತೆ, ಪ್ರತ್ಯೇಕ ದೇಶವಲ್ಲ. ಸುಂಕದ ಹೊರೆ ಇಳಿಯಬೇಕು, ಕುರಿಗಾಹಿಗಳು ಮತ್ತು ರೈತರು ಸಹಕಾರ ಸಂಘಗಳನ್ನು ಕಟ್ಟಬೇಕು, ದ್ವೀಪದ ಆಡಳಿತ ದ್ವೀಪದವರ ಕೈಯಲ್ಲಿರಬೇಕು. ಹುಟ್ಟಿದ ಮರುತಿಂಗಳೇ ನಡೆದ ಚುನಾವಣೆಯಲ್ಲಿ ಪಕ್ಷದ ನಾಲ್ವರು ಸಂಸತ್ತಿಗೆ ಹೋದರು. ಅವರಲ್ಲೊಬ್ಬ ಎಮಿಲಿಯೊ ಲುಸ್ಸು.

ಲುಸ್ಸುವಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಆ ಪಕ್ಷದ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯನಾದ ವ್ಯಕ್ತಿ ಅವನು. ಹುಟ್ಟಿದ್ದು 1890ರಲ್ಲಿ ಆರ್ಮುಂಜಿಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಕಾನೂನು ಓದಿ, ಬ್ರಿಗೇಡಿನಲ್ಲಿ ಕ್ಯಾಪ್ಟನ್ ಆಗಿ, ಹಲವು ಶೌರ್ಯ ಪದಕಗಳನ್ನು ಪಡೆದು ಹಿಂದಿರುಗಿದವನು. ಕುರಿಗಾಹಿಗಳಿಗೆ ಅವನೆಂದರೆ ನಾಯಕನಿಗಿಂತ ಹೆಚ್ಚು. ಗುಂಡಿನ ಮಳೆಯಲ್ಲಿ ತಮ್ಮನ್ನು ಮುನ್ನಡೆಸಿದವನು.

ಪಕ್ಷದ ಮೊದಲ ಕಂಟಕ ಬಂದದ್ದು ಎರಡೇ ವರ್ಷದಲ್ಲಿ. 1922ರ ಅಕ್ಟೋಬರಿನಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ. ಸಾರ್ಡಿನಿಯಾದಲ್ಲಿ ಫ್ಯಾಸಿಸ್ಟರು ದುರ್ಬಲರು, ಸಾರ್ದಿಸ್ತರು ಬಲಿಷ್ಠರು. ಅವರನ್ನು ಬಡಿದು ಗೆಲ್ಲುವುದಕ್ಕಿಂತ ಒಳಗೆ ಎಳೆದುಕೊಳ್ಳುವುದು ಸುಲಭ ಎಂದು ಮುಸೊಲಿನಿಗೆ ಹೊಳೆಯಿತು. ಆಸ್ಕ್ಲೇಪಿಯಾ ಗಾಂದೊಲ್ಫೊ ಎಂಬ ಜನರಲ್‌ನನ್ನು ರಾಜಧಾನಿ ಕಾಲ್ಯಾರಿಗೆ ಆಡಳಿತಾಧಿಕಾರಿಯಾಗಿ ಕಳಿಸಿದ. ಬಂದವನೂ ಸೈನಿಕ, ಎದುರಿಗಿದ್ದವರೂ ಸೈನಿಕರು. ಎರಡು ಪಕ್ಷಗಳೂ ಒಂದಾಗಲಿ, ನಿಮ್ಮ ಬೇಡಿಕೆಗಳನ್ನು ನಾವೇ ಈಡೇರಿಸುತ್ತೇವೆ ಎಂಬ ಪ್ರಸ್ತಾಪ ಬಂತು. ಲುಸ್ಸು ಕೂಡ ಆರಂಭದಲ್ಲಿ ಮಾತುಕತೆಗೆ ಕುಳಿತಿದ್ದ. ಆಮೇಲೆ ಎದ್ದು ಬಂದ. ಆದರೆ 1923ರಲ್ಲಿ ಪಕ್ಷದ ದೊಡ್ಡ ಭಾಗ ಆ ಕಡೆ ನಡೆಯಿತು. ಸಾರ್ದೊಫ್ಯಾಸಿಸಂ ಎಂದೇ ಇತಿಹಾಸಕಾರರು ಇದನ್ನು ಕರೆಯುತ್ತಾರೆ.

ಹೋದವರೆಲ್ಲ ಅವಕಾಶವಾದಿಗಳು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಪಾಓಲೊ ಪಿಲಿಯನ್ನು ನೋಡಿ. ಫ್ಯಾಸಿಸ್ಟ್ ಪಕ್ಷದ ಕಾಲ್ಯಾರಿ ಮುಖ್ಯಸ್ಥನಾಗಿ ಅವನು ಮಾಡಿದ್ದು ಸಾರ್ದಿಸ್ತರ ಹಳೆಯ ಕೆಲಸವನ್ನೇ. ಕುರಿಗಾಹಿಗಳ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿದ, ಅವುಗಳ ಒಕ್ಕೂಟ ಮಾಡಿದ, ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಅಮೆರಿಕಕ್ಕೆ ಗಿಣ್ಣು ಮಾರಲು ಹೊರಟ. 1924ರ ಕೊನೆಗೆ ಸರ್ಕಾರ ದ್ವೀಪದ ಕಾಮಗಾರಿಗಳಿಗೆ ನೂರು ಕೋಟಿ ಲೀರಾಗಳ ಕಾನೂನನ್ನೂ ತಂದಿತು. ಆದರೆ ಗಿಣ್ಣಿನ ಉದ್ಯಮಿಗಳ ಹಿತಕ್ಕೆ ಪೆಟ್ಟು ಬಿದ್ದೊಡನೆ ಪಿಲಿಯ ದಿನಗಳು ಮುಗಿದವು. 1927ರ ಕೊನೆಗೆ ಅವನನ್ನು ಹುದ್ದೆಯಿಂದ ಇಳಿಸಿದರು. ಅಣೆಕಟ್ಟೆ ಬಂತು, ರಸ್ತೆ ಬಂತು. ಹಾಲಿನ ಬೆಲೆ ಯಾರು ನಿಗದಿ ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ಹಳೆಯ ಉತ್ತರವೇ ಉಳಿಯಿತು.

ಇತ್ತ ಹೋಗದೆ ಉಳಿದವರು 1924ರ ಚುನಾವಣೆಯಲ್ಲಿ ಒಂಟಿಯಾಗಿ ನಿಂತು ಇಬ್ಬರನ್ನು ಗೆಲ್ಲಿಸಿಕೊಂಡರು, ಲುಸ್ಸು ಮತ್ತು ಪಿಯೆತ್ರೊ ಮಾಸ್ತಿನೊ. ಕಮ್ಯುನಿಸ್ಟರ ಕಣ್ಣೂ ಪಕ್ಷದ ಮೇಲೆ ಬಿತ್ತು. ಆಗ ಕಮ್ಯುನಿಸ್ಟ್ ಪಕ್ಷದ ಮುಂದಾಳಾಗಿದ್ದ ಆಂಟೋನಿಯೊ ಗ್ರಾಂಶಿ ಕೂಡ ಸಾರ್ಡಿನಿಯಾದವನೇ, ಲುಸ್ಸುವಿಗಿಂತ ಸುಮಾರು ಏಳು ವಾರ ಕಿರಿಯ. 1926ರ ಬೇಸಿಗೆಯಲ್ಲಿ ಗ್ರಾಂಶಿ ಲುಸ್ಸುವಿಗೆ ಒಂದು ಪ್ರಶ್ನಾವಳಿಯನ್ನೇ ಕಳಿಸಿ ಪಕ್ಷದ ಬಗ್ಗೆ, ರೈತರ ಬಗ್ಗೆ ವಿಚಾರಿಸಿದ. ಆ ಸಂವಾದ ಮುಂದುವರಿದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಟೋಬರ್ 31ರಂದು ಫ್ಯಾಸಿಸ್ಟ್ ಗುಂಪು ಕಾಲ್ಯಾರಿಯಲ್ಲಿ ಲುಸ್ಸುವಿನ ಮನೆಗೆ ನುಗ್ಗಲು ಬಂತು. ಬಾಲ್ಕನಿ ಹತ್ತುತ್ತಿದ್ದವನೊಬ್ಬನ ಮೇಲೆ ಅವನು ಗುಂಡು ಹಾರಿಸಿದ; ಆತ ಸತ್ತ. ಎಂಟು ದಿನ ಕಳೆದು, ನವೆಂಬರ್ 8ರಂದು, ರೋಮ್‌ನಲ್ಲಿ ಗ್ರಾಂಶಿಯ ಬಂಧನವಾಯಿತು. ಆತ್ಮರಕ್ಷಣೆ ಎಂದು ನ್ಯಾಯಾಲಯ ಲುಸ್ಸುವನ್ನು ಬಿಡುಗಡೆ ಮಾಡಿತಾದರೂ ಸರ್ಕಾರ ಅವನನ್ನು ಲಿಪಾರಿ ದ್ವೀಪಕ್ಕೆ ಗಡಿಪಾರು ಮಾಡಿತು. ಅಷ್ಟರಲ್ಲಿ ಎಲ್ಲ ವಿರೋಧ ಪಕ್ಷಗಳಂತೆ ಸಾರ್ದಿಸ್ತರ ಪಕ್ಷವೂ ನಿಷೇಧವಾಗಿತ್ತು. 1929ರ ಜುಲೈ 27ರ ರಾತ್ರಿ ಲುಸ್ಸು, ಕಾರ್ಲೊ ರೊಸೆಲ್ಲಿ ಮತ್ತು ಫ್ರಾಂಚೆಸ್ಕೊ ಫಾಉಸ್ತೊ ನಿತ್ತಿ ಮೋಟಾರು ದೋಣಿಯೊಂದರಲ್ಲಿ ಲಿಪಾರಿಯಿಂದ ತಪ್ಪಿಸಿಕೊಂಡು ಟ್ಯುನೀಶಿಯಾ ತಲುಪಿ, ಅಲ್ಲಿಂದ ಪ್ಯಾರಿಸ್ ಸೇರಿದರು. ಅಲ್ಲಿ ಅವರು ಕಟ್ಟಿದ ‘ನ್ಯಾಯ ಮತ್ತು ಸ್ವಾತಂತ್ರ್ಯ’ ಸಂಘಟನೆ ಫ್ಯಾಸಿಸಂ ವಿರುದ್ಧದ ಹೋರಾಟದ ದೊಡ್ಡ ನೆಲೆಯಾಯಿತು.

ಯುದ್ಧದ ನಂತರ ಪಕ್ಷ ಮತ್ತೆ ಎದ್ದಿತು. 1946ರ ಸಂವಿಧಾನ ಸಭೆಗೆ ಸುಮಾರು 78 ಸಾವಿರ ಮತಗಳೊಂದಿಗೆ ಲುಸ್ಸು ಮತ್ತು ಮಾಸ್ತಿನೊ ಆಯ್ಕೆಯಾದರು. ಸ್ವಾಯತ್ತತೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಆಗ ನಡೆದ ಒಂದು ಘಟನೆ ಈ ಇಡೀ ಕಥೆಯಲ್ಲೇ ನನ್ನನ್ನು ಹೆಚ್ಚು ಕಾಡುವಂಥದ್ದು. 1946ರ ಮೇ ತಿಂಗಳಲ್ಲಿ ಸಿಸಿಲಿಗೆ ವಿಶೇಷ ಸ್ವಾಯತ್ತ ಶಾಸನ ಸಿಕ್ಕಿತು. ಅದನ್ನೇ ಸಾರ್ಡಿನಿಯಾಕ್ಕೂ ಅನ್ವಯಿಸಿಬಿಡಿ ಎಂದು ಲುಸ್ಸು ರೋಮ್‌ನಲ್ಲಿ ಸೂಚಿಸಿದ. ದ್ವೀಪದ ಸಲಹಾ ಸಭೆ ಬೇಡವೆಂದಿತು. ನಮ್ಮ ಶಾಸನವನ್ನು ನಾವೇ ಬರೆಯುತ್ತೇವೆ ಎಂದಿತು. ಸ್ವಾಭಿಮಾನದ ಮಾತೇ ಅದು. ಆದರೆ ಬರೆದು, ತಿದ್ದಿ, ರೋಮ್‌ಗೆ ಕಳಿಸಿ, ಅಲ್ಲಿ ಮತ್ತೆ ಕತ್ತರಿ ಹಾಕಿಸಿಕೊಳ್ಳುವ ಹೊತ್ತಿಗೆ ಗಾಳಿ ಬದಲಾಗಿತ್ತು. ಸಂವಿಧಾನ ಸಭೆ ತನ್ನ ಕೊನೆಯ ದಿನಗಳಲ್ಲಿ ಅವಸರದಿಂದ ಒಪ್ಪಿದ್ದು ಸಿಸಿಲಿಯದಕ್ಕಿಂತ ದುರ್ಬಲವಾದ ಶಾಸನವನ್ನು. 1948ರ ಫೆಬ್ರವರಿ 26ರ ದಿನಾಂಕ ಅದರ ಮೇಲಿದೆ. ಇಟಲಿಯ ಸ್ವಾಯತ್ತತೆಗೂ ಒಕ್ಕೂಟ ವ್ಯವಸ್ಥೆಗೂ ಇರುವ ನಂಟು ಬೆಕ್ಕಿಗೂ ಸಿಂಹಕ್ಕೂ ಇರುವ ನಂಟಿನಂಥದ್ದು, ಎರಡೂ ಒಂದೇ ಕುಟುಂಬದವು ಎಂಬುದಷ್ಟೇ ನಿಜ ಎಂದು ಲುಸ್ಸು ಸಂವಿಧಾನ ಸಭೆಯಲ್ಲಿ ಹೇಳಿದ್ದ.

ಅದೇ ವರ್ಷದ ಜುಲೈನಲ್ಲಿ ಅವನು ತಾನೇ ಕಟ್ಟಿದ ಪಕ್ಷವನ್ನು ಬಿಟ್ಟ. ಸಮಾಜವಾದವಿಲ್ಲದ ಸ್ವಾಯತ್ತತೆ ಜಮೀನ್ದಾರರ ಸ್ವಾಯತ್ತತೆ ಆದೀತು ಎಂಬುದು ಅವನ ನಿಲುವು. ಕಾಲ್ಯಾರಿಯ ಸಮ್ಮೇಳನದ ಬಹುಮತ ಅದಕ್ಕೆ ಒಪ್ಪಲಿಲ್ಲ. ತನ್ನದೇ ಸಮಾಜವಾದಿ ಸಾರ್ದಿಸ್ತ ಪಕ್ಷ ಕಟ್ಟಿ, ಮರುವರ್ಷ ಅದನ್ನು ಇಟಲಿಯ ಸಮಾಜವಾದಿ ಪಕ್ಷದೊಳಗೆ ಸೇರಿಸಿದ. ಸ್ವಾಯತ್ತ ಪ್ರದೇಶದ ಮೊದಲ ಚುನಾವಣೆ 1949ರ ಮೇ ತಿಂಗಳಲ್ಲಿ ನಡೆದಾಗ, ಆ ಸ್ವಾಯತ್ತತೆಗಾಗಿ ಮೂವತ್ತು ವರ್ಷ ಹೋರಾಡಿದವರು ಎರಡು ಹೋಳಾಗಿದ್ದರು. ಗದ್ದುಗೆ ಏರಿದ್ದು ಕ್ರೈಸ್ತ ಪ್ರಜಾಪ್ರಭುತ್ವ ಪಕ್ಷ. ಸಾರ್ದಿಸ್ತರಿಗೆ ಸಿಕ್ಕಿದ್ದು ಶೇಕಡ ಹತ್ತರಷ್ಟು ಮತ.

ಇಲ್ಲಿಂದ ಮುಂದೆ ಮೂವತ್ತು ವರ್ಷ ಪಕ್ಷ ಬೇರೆಯವರ ನೆರಳಿನಲ್ಲಿ ಬದುಕಿತು. ಪ್ರಾದೇಶಿಕ ಸರ್ಕಾರದಲ್ಲಿ ಕ್ರೈಸ್ತ ಪ್ರಜಾಪ್ರಭುತ್ವದವರೊಂದಿಗೆ ಒಂದೆರಡು ಖಾತೆಗಳು. ರೋಮ್‌ಗೆ ಹೋಗಬೇಕೆಂದರೆ ಇನ್ನೊಂದು ಪಕ್ಷದ ಅಭ್ಯರ್ಥಿಗಳ ಪಟ್ಟಿ. 1958ರಲ್ಲಿ ಟೈಪ್‌ರೈಟರ್ ಕಾರ್ಖಾನೆಯ ಅದ್ರಿಯಾನೊ ಒಲಿವೆತ್ತಿಯ ಸಮುದಾಯ ಚಳವಳಿಯ ಜತೆ, 1963ರಲ್ಲಿ ರಿಪಬ್ಲಿಕನ್ ಪಕ್ಷದ ಜತೆ, 1972ರಲ್ಲಿ ಕಮ್ಯುನಿಸ್ಟರ ಜತೆ. ಪ್ರತಿಯೊಂದಕ್ಕೂ ಆ ಕ್ಷಣದಲ್ಲಿ ಒಪ್ಪತಕ್ಕ ಕಾರಣವಿತ್ತು. ಆದರೆ ಪ್ರತಿ ಸಲವೂ ಹೋದವರಲ್ಲಿ ಕೆಲವರು ಆತಿಥೇಯರ ಮನೆಯಲ್ಲೇ ಉಳಿದುಬಿಟ್ಟರು. ರಿಪಬ್ಲಿಕನ್ನರ ಜತೆಗಿನ ಮೈತ್ರಿ ಮುರಿದಾಗ ಆರ್ಮಾಂದೊ ಕೊರೋನಾ ಮತ್ತು ಅವನ ಗುಂಪು ಅಲ್ಲಿಗೇ ಹೊರಟುಹೋದದ್ದು ಒಂದು ಉದಾಹರಣೆ. ಈ ಪಕ್ಷದ ಬಗ್ಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಅದರ ವಿಚಾರಗಳನ್ನು ಎಲ್ಲರೂ ಎರವಲು ಪಡೆದರು, ಅದರ ಜನರನ್ನೂ ಪಡೆದರು. ಪಕ್ಷ ಮಾತ್ರ ಇದ್ದಲ್ಲೇ ಉಳಿಯಿತು.

ದ್ವೀಪವೂ ಆಗ ಬೇಗ ಬದಲಾಗುತ್ತಿತ್ತು. ಯುದ್ಧಾನಂತರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನ ಅಭಿಯಾನದಲ್ಲಿ ಡಿಡಿಟಿ ಸಿಂಪಡಿಸಿ ಮಲೇರಿಯಾವನ್ನು ತೊಡೆದುಹಾಕಿದ್ದರು. 1962ರಲ್ಲಿ ದ್ವೀಪದ ‘ಪುನರುತ್ಥಾನ ಯೋಜನೆ’ಯ ಕಾನೂನು ಬಂತು, ಹಣ ಹರಿದದ್ದು ಬಹುಪಾಲು ಪೋರ್ತೊ ತೋರ್ರೆಸ್‌ನಂಥ ಕಡೆಯ ಪೆಟ್ರೋರಾಸಾಯನಿಕ ಕಾರ್ಖಾನೆಗಳಿಗೆ. ಕುರಿಗಾಹಿಗಳ ಮಕ್ಕಳು ಲಕ್ಷಾಂತರ ಸಂಖ್ಯೆಯಲ್ಲಿ ಟುರಿನ್, ಮಿಲಾನ್, ಜರ್ಮನಿಗೆ ವಲಸೆ ಹೋದರು. ಜತೆಗೆ ಸೇನೆ. ಇಟಲಿಯ ಸೇನಾ ತರಬೇತಿ ಮತ್ತು ಗುಂಡು ಹಾರಿಸುವ ಮೈದಾನಗಳಿಗಾಗಿ ಮೀಸಲಾದ ನೆಲದ ಅರ್ಧಕ್ಕಿಂತ ಹೆಚ್ಚು ಈ ಒಂದು ದ್ವೀಪದಲ್ಲೇ ಇದೆ. 1969ರ ಜೂನಿನಲ್ಲಿ ಒರ್ಗೊಸೊಲೊ ಗ್ರಾಮದ ಪ್ರಾತೊಬೆಲ್ಲೊ ಹುಲ್ಲುಗಾವಲಿನಲ್ಲಿ ಅಂಥದೇ ಒಂದು ಮೈದಾನ ಮಾಡಲು ಸೇನೆ ಬಂದಾಗ ಇಡೀ ಊರೇ, ಹೆಂಗಸರು ಮಕ್ಕಳು ಸಮೇತ, ಹೋಗಿ ನೆಲದ ಮೇಲೆ ಕುಳಿತಿತು. ಕಲ್ಲು ತೂರಲಿಲ್ಲ, ಕದಲಲೂ ಇಲ್ಲ. ಸೇನೆ ಹಿಂದೆ ಸರಿಯಿತು. ವೃದ್ಧ ಲುಸ್ಸು ರೋಮ್‌ನಿಂದ ತಂತಿ ಕಳಿಸಿ, ಇದು ವಸಾಹತುಶಾಹಿಯ ಪ್ರಚೋದನೆ, ಪರಿಹಾರಧನದ ಆಮಿಷ ಅವಮಾನ ಎಂದ.

ವಸಾಹತು ಎಂಬ ಆ ಪದ ಅಷ್ಟು ಹೊತ್ತಿಗೆ ಪಕ್ಷದೊಳಗೂ ಓಡಾಡತೊಡಗಿತ್ತು. ತಂದವನು ಆಂಟೋನಿಯೊ ಸಿಮೋನ್ ಮೊಸ್ಸಾ ಎಂಬ ವಾಸ್ತುಶಿಲ್ಪಿ. ಅವನ ಅರವತ್ತರ ದಶಕದ ಬರಹಗಳಲ್ಲಿ ಸಾರ್ಡಿನಿಯಾ ಹಿಂದುಳಿದ ಪ್ರಾಂತ್ಯವಲ್ಲ, ಯೂರೋಪಿನ ರಾಜ್ಯವಿಲ್ಲದ ರಾಷ್ಟ್ರಗಳಲ್ಲಿ ಒಂದು. ರಸ್ತೆ, ಕಾರ್ಖಾನೆ ಬಂದೂ ಭಾಷೆ ಸತ್ತರೆ ಜನಾಂಗವೇ ಅಳಿದಂತೆ ಎಂಬುದು ಅವನ ವಾದ. 1971ರಲ್ಲಿ ಅವನು ತೀರಿಕೊಂಡಾಗ ಅವನನ್ನು ಒಪ್ಪುತ್ತಿದ್ದವರು ಕೆಲವೇ ಮಂದಿ. ಹತ್ತು ವರ್ಷಗಳ ನಂತರ, 1981ರ ಪೋರ್ತೊ ತೋರ್ರೆಸ್ ಸಮ್ಮೇಳನದಲ್ಲಿ, ಪಕ್ಷ ತನ್ನ ನಿಯಮಾವಳಿಯ ಮೊದಲ ವಿಧಿಯಲ್ಲೇ ಸ್ವಾತಂತ್ರ್ಯದ ಗುರಿಯನ್ನು ಬರೆದುಕೊಂಡಿತು.

ಭಾಷೆಯ ಹೋರಾಟ ಇಷ್ಟು ತಡವಾಗಿ ಬಂದದ್ದೇಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕನ್ನಡಿಗರಿಗೆ ಈ ಪ್ರಶ್ನೆ ಸಹಜ. ನನ್ನ ಉತ್ತರ ಹೀಗಿದೆ: ಮೊದಲ ಪೀಳಿಗೆಯ ಸಾರ್ದಿಸ್ತರಿಗೆ ಭಾಷೆ ಉಸಿರಾಟದಂತೆ ಇತ್ತು, ಅದಕ್ಕಾಗಿ ಕಾನೂನು ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ಆದ್ದರಿಂದಲೇ ಇಟಲಿಯ ಗಡಿ ಪ್ರದೇಶಗಳಾದ ಆಓಸ್ತಾ ಕಣಿವೆಯ ಫ್ರೆಂಚ್‌ಗೂ ದಕ್ಷಿಣ ತಿರೋಲ್‌ನ ಜರ್ಮನ್‌ಗೂ 1948ರಲ್ಲೇ ಶಾಸನದಲ್ಲಿ ಜಾಗ ಸಿಕ್ಕರೂ ಸಾರ್ದೊ ಭಾಷೆಯ ಹೆಸರೇ ದ್ವೀಪದ ಶಾಸನದಲ್ಲಿ ಬರಲಿಲ್ಲ. ಎಪ್ಪತ್ತರ ದಶಕದಲ್ಲಿ ಮನೆಗಳಲ್ಲೇ ಮಕ್ಕಳಿಗೆ ಇಟಾಲಿಯನ್ ಕಲಿಸುವುದು ರೂಢಿಯಾದ ಮೇಲೆ ಎಚ್ಚರವಾಯಿತು. ಪ್ರಾದೇಶಿಕ ಭಾಷಾ ಕಾನೂನು ಬಂದದ್ದು 1997ರಲ್ಲಿ. ಇಟಲಿಯ ಸಂಸತ್ತು ಸಾರ್ದೊ ಸೇರಿದಂತೆ ಹನ್ನೆರಡು ಅಲ್ಪಸಂಖ್ಯಾತ ಭಾಷೆಗಳನ್ನು ಗುರುತಿಸಿದ್ದು 1999ರಲ್ಲಿ. ಐವತ್ತು ವರ್ಷ ತಡ.

1984ಕ್ಕೆ ಬರೋಣ. ತೈಲ ಬಿಕ್ಕಟ್ಟಿನ ನಂತರ ಪೆಟ್ರೋರಾಸಾಯನಿಕ ಕಾರ್ಖಾನೆಗಳು ಕುಸಿದಿದ್ದವು, ವಲಸೆ ಹೋದವರು ಕೆಲಸ ಕಳೆದುಕೊಂಡು ಮರಳುತ್ತಿದ್ದರು, ಭಾಷೆಯ ಚಳವಳಿ ಕಾವೇರಿತ್ತು. ಹಿಂದಿನ ಪ್ರಾದೇಶಿಕ ಚುನಾವಣೆಯಲ್ಲಿ ಶೇಕಡ 3ರಷ್ಟು ಮತ ಪಡೆದಿದ್ದ ಪಕ್ಷ ಈ ಸಲ ಶೇಕಡ 14ರ ಹತ್ತಿರ ಬಂದು 12 ಸ್ಥಾನ ಗೆದ್ದಿತು. ಸಾರ್ದಿಸ್ತ ಗಾಳಿ ಎಂದೇ ಅದು ಜನರ ಬಾಯಲ್ಲಿ ಉಳಿದಿದೆ. ಕಮ್ಯುನಿಸ್ಟರು ಮತ್ತು ಸಮಾಜವಾದಿಗಳ ಬೆಂಬಲದಿಂದ ನೂವೊರೊದ ವಕೀಲ ಮಾರಿಯೊ ಮೆಲಿಸ್ ಪ್ರದೇಶದ ಅಧ್ಯಕ್ಷನಾಗಿ 1989ರವರೆಗೆ ಆಡಳಿತ ನಡೆಸಿದ. ಗಮನಿಸಿ, ಈ ಸಲ ಪಕ್ಷ ಯಾರ ಪಟ್ಟಿಯಲ್ಲೂ ಹೋಗಿರಲಿಲ್ಲ. ತನ್ನ ಹೆಸರಿನಲ್ಲಿ ಗೆದ್ದು, ಆಮೇಲೆ ದೊಡ್ಡವರೊಂದಿಗೆ ಮಾತಿಗೆ ಕುಳಿತಿತ್ತು. ಅದೇ ಹೊತ್ತಿಗೆ ಮಿಕೆಲೆ ಕೊಲುಂಬು ಯೂರೋಪಿನ ಸಂಸತ್ತಿಗೆ ಹೋದ. ಒಲ್ಲೊಲಾಯಿ ಎಂಬ ಬೆಟ್ಟದ ಹಳ್ಳಿಯ ಮೇಯರ್ ಆಗಿದ್ದು, 1964ರಲ್ಲಿ ಒಳನಾಡಿನ ಬಡತನವನ್ನು ತೋರಿಸಲು ಕಾಲ್ಯಾರಿಯವರೆಗೆ ಕಾಲ್ನಡಿಗೆಯಲ್ಲಿ ಹೋದ ಹಿರಿಯ ಅವನು.

ಆ ಗಾಳಿ ಹತ್ತು ವರ್ಷವೂ ಬೀಸಲಿಲ್ಲ. ಸ್ವಾತಂತ್ರ್ಯದ ಮಾತು ನಿಯಮಾವಳಿಯಲ್ಲಿತ್ತು, ಆಡಳಿತ ನಡೆದದ್ದು ಹಳೆಯ ಶಾಸನದ ಇಕ್ಕಟ್ಟಿನಲ್ಲಿ. ತೊಂಬತ್ತರ ದಶಕದಲ್ಲಿ ಮತ ಇಳಿಯಿತು, ಸ್ವಾತಂತ್ರ್ಯವಾದಿಗಳು ಬೇರೆ ಬೇರೆ ಗುಂಪು ಕಟ್ಟಿದರು. ಒಂದು ವಿಷಯದಲ್ಲಿ ಮಾತ್ರ ಪಕ್ಷ ಗೆದ್ದಿತ್ತು: ಅದರ ಲಾಂಛನವಾದ, ನಾಲ್ವರು ಮೂರ್ ಜನರ (ಉತ್ತರ ಆಫ್ರಿಕಾದ ಮುಸ್ಲಿಮರ) ತಲೆಗಳ ಚಿತ್ರವಿರುವ ಹಳೆಯ ಬಾವುಟ 1999ರಲ್ಲಿ ಕಾನೂನಿನ ಮೂಲಕ ಇಡೀ ಪ್ರದೇಶದ ಬಾವುಟವಾಯಿತು. ಕಣ್ಣಿಗೆ ಕಟ್ಟಿದ್ದ ಪಟ್ಟಿಯನ್ನು ಹೊಸ ಬಾವುಟದಲ್ಲಿ ಹಣೆಗೆ ಏರಿಸಿದರು.

2009ರಲ್ಲಿ ಪಕ್ಷ ಬೆರ್ಲುಸ್ಕೋನಿಯ ಬಲಪಂಥೀಯ ಕೂಟ ಸೇರಿತು. ಎಡದವರು ಸಿಡಿದು ರೊಸ್ಸೊಮೋರಿ ಎಂಬ ಹೊಸ ಪಕ್ಷ ಮಾಡಿದರು. 2018ರಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ. ದಕ್ಷಿಣದವರನ್ನು ವರ್ಷಗಟ್ಟಲೆ ಹೀಯಾಳಿಸಿದ್ದ ಉತ್ತರದ ಲೀಗ್ ತನ್ನ ಹೆಸರಿನಿಂದ ‘ಉತ್ತರ’ ಎಂಬುದನ್ನು ಬದಿಗಿಟ್ಟು ಇಡೀ ದೇಶದ ಮತ ಕೇಳತೊಡಗಿತ್ತು. ಅದರ ನಾಯಕ ಮತ್ತೇಓ ಸಾಲ್ವಿನಿಯೊಂದಿಗೆ ಸಾರ್ದಿಸ್ತರು ಕೈಜೋಡಿಸಿದರು. ಪಕ್ಷದ ಕಾರ್ಯದರ್ಶಿ ಕ್ರಿಸ್ತಿಯನ್ ಸೊಲಿನಾಸ್ ಲೀಗ್‌ನ ಪಟ್ಟಿಯಿಂದ ಸೆನೆಟರ್ ಆದ, 2019ರಲ್ಲಿ ಶೇಕಡ 47ಕ್ಕೂ ಹೆಚ್ಚು ಮತ ಪಡೆದು ಪ್ರದೇಶದ ಅಧ್ಯಕ್ಷನೂ ಆದ. ಪಕ್ಷಕ್ಕೂ ಶೇಕಡ ಹತ್ತರ ಹತ್ತಿರ ಮತ ಬಂತು, ಮೂವತ್ತು ವರ್ಷಗಳಲ್ಲೇ ಒಳ್ಳೆಯ ಫಲಿತಾಂಶ. ಅಧಿಕಾರವಿಲ್ಲದೆ ಪುಟ್ಟ ಪಕ್ಷ ಬದುಕುವುದು ಹೇಗೆ ಎಂದು ಆ ಮೈತ್ರಿಯ ಸಮರ್ಥಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಲುಸ್ಸುವಿನ ಪಕ್ಷ ಆ ಮನೆಯ ಬಾಗಿಲು ತಟ್ಟಬಾರದಿತ್ತು ಎಂದೇ ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ.

ಫಲಿತಾಂಶ 2024ರಲ್ಲಿ ಕಂಡಿತು. ಸೊಲಿನಾಸ್ ಎರಡನೆಯ ಅವಧಿಗೆ ನಿಲ್ಲಬೇಕೆಂದಿದ್ದ. ಮೆಲೋನಿಯ ಪಕ್ಷ ಒಪ್ಪಲಿಲ್ಲ. ಕಾಲ್ಯಾರಿಯ ಮೇಯರ್ ಆಗಿದ್ದ ತಮ್ಮವನೇ ಆದ ಪಾಓಲೊ ತ್ರುತ್ಸುವನ್ನು ನಿಲ್ಲಿಸಿತು. ಅಧಿಕಾರದಲ್ಲಿದ್ದ ಸಾರ್ದಿಸ್ತ ಅಧ್ಯಕ್ಷ ರೋಮ್‌ನಲ್ಲಿ ತೀರ್ಮಾನವಾದ ಹೆಸರಿಗೆ ದಾರಿ ಬಿಟ್ಟುಕೊಟ್ಟ. ಆ ತ್ರುತ್ಸು ಕೂಡ ಐದು ನಕ್ಷತ್ರ ಚಳವಳಿಯ ಅಲೆಸ್ಸಾಂದ್ರಾ ತೊದ್ದೆಯ ಎದುರು ಕೂದಲೆಳೆಯ ಅಂತರದಿಂದ ಸೋತ. ಸಾರ್ದಿಸ್ತರ ಮತ ಶೇಕಡ 5ರ ಆಸುಪಾಸಿಗೆ ಇಳಿಯಿತು.

ಹಾಗಾದರೆ ಪಕ್ಷ ಮುಗಿಯಿತೇ ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಅದಕ್ಕೆ ಅದೇ ವರ್ಷದ ಇನ್ನೊಂದು ಬೆಳವಣಿಗೆಯನ್ನು ಹೇಳಿದೆ. ದ್ವೀಪದ ಬೆಟ್ಟಗಳ ಮೇಲೆ ದೊಡ್ಡ ಗಾಳಿಯಂತ್ರಗಳನ್ನು ನೆಡುವ ನೂರಾರು ಅರ್ಜಿಗಳು ಬಂದಿದ್ದವು. ನೆಲದ ಬಗ್ಗೆ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆ ಮತ್ತೆ ಎದ್ದಿತು. ಜನರೇ ಒಂದು ಮಸೂದೆ ಸಿದ್ಧಪಡಿಸಿ 2 ಲಕ್ಷ 10 ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಹದಿನಾರು ಲಕ್ಷ ಜನರಿಲ್ಲದ ನಾಡಿನಲ್ಲಿ ಅದು ಎಷ್ಟು ದೊಡ್ಡ ಸಂಖ್ಯೆ ಎಂದು ನೀವೇ ಲೆಕ್ಕ ಹಾಕಿ. ಮಸೂದೆಗೆ ಅವರು ಇಟ್ಟ ಹೆಸರು ‘ಪ್ರಾತೊಬೆಲ್ಲೊ 24’. ಪ್ರಾದೇಶಿಕ ಸಭೆ ಅದನ್ನು ಕೈಗೆತ್ತಿಕೊಳ್ಳದೆ ಡಿಸೆಂಬರಿನಲ್ಲಿ ತನ್ನದೇ ಕಾನೂನು ಮಾಡಿತು. ಸಹಿ ಸಂಗ್ರಹಿಸಿದ್ದು ಹಳ್ಳಿಗಳ ಸಮಿತಿಗಳು, ಮೇಯರ್‌ಗಳು, ಸ್ಥಳೀಯ ಗುಂಪುಗಳು. 1921ರ ಒರಿಸ್ತಾನೊ ಸಮ್ಮೇಳನದಲ್ಲಿ ಎತ್ತಿದ್ದ ಅದೇ ಬೇಡಿಕೆಯನ್ನು ಹೊತ್ತು ಜನ ಚೌಕಗಳಲ್ಲಿ ಸಾಲುಗಟ್ಟಿ ನಿಂತಾಗ, ಮುಂದಾಳತ್ವ ಈ ಪಕ್ಷದ ಕೈಯಲ್ಲಿರಲಿಲ್ಲ.